ಕಟ್ಟುದಾರದ ಬಣ್ಣ

ಜನವರಿ 9

ಪ್ರೀತಿಯ ಚೀಟಿ,

ನಾನು ಮದುವೆಯಾಗಿ ಬಂದ ಮೊದಲ ವಾರವೇ ನೀನು ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದೆ. ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು, ಸಕ್ಕರೆಯಲ್ಲ’ ಎಂದು ಬರೆದಿತ್ತು. ಹದಿನಾಲ್ಕು ವರ್ಷದ ನಾದಿನಿ ಹೊಸ ಅತ್ತಿಗೆಗೆ ಕೊಟ್ಟ ಎಚ್ಚರಿಕೆ ಅದು. ಅಂದಿನಿಂದ ನಿನಗೆ ಚೀಟಿ ಎಂದೇ ಹೆಸರಾಯಿತು. ಈಗ ದೊಡ್ಡ ಲ್ಯಾಬಿನಲ್ಲಿ ಜನರ ಮೈಯಿಂದ ತೆಗೆದ ಚೂರುಗಳಿಗೆ ಚೀಟಿ ಹಚ್ಚುವುದೇ ನಿನ್ನ ಉದ್ಯೋಗ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡು.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಅಣ್ಣ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ನಾನು ಒಂದು ಮಾತಾಡಿದರೆ ಅವರು ಎರಡು ಸೇರಿಸುತ್ತಾರೆ. ಅದಕ್ಕೇ ಕಾಗದ.

ವಿಷಯ ಇಷ್ಟು. ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಒದ್ದೆ ನೂಲಿನ ಲಡಿಗಳನ್ನು ಎದೆಗೆ ಆನಿಸಿಕೊಂಡೇ ಎತ್ತಬೇಕು. ಹಾಗೆ ಎತ್ತುವಾಗ ಎಡಗಡೆ ಏನೋ ಗಟ್ಟಿಯಾಗಿ ಒತ್ತಿತು. ಜೇಬಿನಲ್ಲಿ ಗುಂಡಿ ಉಳಿದಿರಬೇಕು ಅಂದುಕೊಂಡೆ. ಅಂಗಿಗೆ ಆ ಕಡೆ ಜೇಬೇ ಇರಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಪೆನ್ಸಿಲ್ ಸೀಸದಷ್ಟು ಸಣ್ಣ ಮೂರು ಚೂರು ತೆಗೆದರು. ಅವರದೇ ಸಣ್ಣ ಲ್ಯಾಬಿನಲ್ಲಿ ನೋಡಿ ಕ್ಯಾನ್ಸರ್ ಅಂದರು. ಅಷ್ಟೇ ಅವರ ಕೈಲಾಗುವುದಂತೆ. ಗಡ್ಡೆ ತೆಗೆದ ಮೇಲೆ ಅದು ನಿಮ್ಮ ಲ್ಯಾಬಿಗೇ ಬರುತ್ತದಂತೆ. ಸರ್ಜನ್ ಹೇಳಿದ್ದು: ‘ಕ್ಯಾನ್ಸರ್ ಅನ್ನೋದು ಒಂದೇ ಹೆಸರು, ಒಳಗೆ ಬಗೆ ಬಗೆ ಇದೆ. ನಿಮ್ಮದು ಯಾವ ಬಗೆ ಅಂತ ಅವರು ಹೇಳಿದ್ಮೇಲೇ ಔಷಧಿ ಯಾವುದು ಅಂತ ನಾವು ಹೇಳೋದು.’

ಆಪರೇಷನ್ ಯಾವಾಗ ಅಂತ ಇನ್ನೂ ದಿನ ಕೊಟ್ಟಿಲ್ಲ.

ನನಗೆ ಹೆದರಿಕೆಯಾಗಿದೆ. ಇದನ್ನು ನಿನ್ನ ಅಣ್ಣನ ಮುಂದೆ ಹೇಳುವಂತಿಲ್ಲ, ಅವರು ಆಗಲೇ ಎರಡು ಸಲ ಬಾಗಿಲಿಗೆ ಬೀಗ ಹಾಕದೆ ಹೊರಗೆ ಹೋಗಿದ್ದಾರೆ. ಆ ಪರೀಕ್ಷೆ ಏನು, ಹೇಗೆ ಮಾಡುತ್ತೀರಿ, ನನಗೆ ಅರ್ಥವಾಗುವ ಹಾಗೆ ಬರೆ.

ಅತ್ತಿಗೆ

*

ಜನವರಿ 17

ಅತ್ತಿಗೆ,

ನಿನ್ನ ಕಾಗದವನ್ನು ಊಟದ ಕೋಣೆಯಲ್ಲಿ ಓದಿ, ಕೈ ತೊಳೆಯದೆ ಎದ್ದು ಹೋದೆನಂತೆ. ನನಗೆ ನೆನಪಿಲ್ಲ. ನೀನು ಕೇಳಿದ್ದನ್ನು ಬರೆಯುತ್ತೇನೆ.

ಚೂರು ನಮ್ಮಲ್ಲಿಗೆ ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬರುತ್ತದೆ. ಕೊಳೆಯದ ಹಾಗೆ, ಒಳಗಿನ ಪ್ರೋಟೀನುಗಳು ಇದ್ದಲ್ಲೇ ಇರುವ ಹಾಗೆ ಹಿಡಿದಿಡುವ ದ್ರವ ಅದು. ಆಮೇಲೆ ಚೂರನ್ನು ಮೇಣದಲ್ಲಿ ಹೂತು ಅಚ್ಚು ಮಾಡುತ್ತೇವೆ. ಅಚ್ಚಿನಿಂದ ನಾನು ಹಾಳೆ ಕೊಯ್ಯುತ್ತೇನೆ. ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಹದಿನೈದು ಹಾಳೆ ಹಿಡಿಯುತ್ತವೆ. ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಸುಕ್ಕೆಲ್ಲ ತಾನೇ ಬಿಡಿಸಿಕೊಂಡು ತೇಲುತ್ತದೆ. ಉಸಿರು ಬಿಗಿಹಿಡಿದು ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳಬೇಕು, ಸೀನಿದರೆ ಹೋಯಿತು.

ಈಗ ಕೇಳು. ಕೆಲವು ಗಡ್ಡೆಗಳ ಜೀವಕೋಶಗಳೊಳಗೆ, ನಮ್ಮ ಮೈಯ ಹಾರ್ಮೋನನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಕೂತಿರುತ್ತದೆ. ರಿಸೆಪ್ಟರ್ ಅನ್ನುತ್ತೇವೆ. ಹಾರ್ಮೋನು ‘ಬೆಳಿ’ ಅಂದರೆ ಅದು ಕೇಳಿಸಿಕೊಂಡು ಬೆಳೆಯುತ್ತದೆ. ಅಂಥ ಗಡ್ಡೆಯಾದರೆ ಆ ಕಿವಿಗೆ ಬೆರಳಿಡುವ ಮಾತ್ರೆ ಇದೆ, ದಿನಕ್ಕೊಂದು, ವರ್ಷಗಟ್ಟಲೆ. ರೋಗ ಮರಳಿ ಬರುವ ಸಾಧ್ಯತೆ ಎಷ್ಟೋ ಕಡಿಮೆಯಾಗುತ್ತದೆ. ಪ್ರೋಟೀನು ಇಲ್ಲದಿದ್ದರೆ ಆ ಮಾತ್ರೆ ಕೊಟ್ಟೂ ಪ್ರಯೋಜನವಿಲ್ಲ, ಬೇರೆ ಕಠಿಣ ಔಷಧಿ ಬೇಕು. ಹೀಗೆ ಮುಖ್ಯವಾಗಿ ಮೂರು ಪ್ರೋಟೀನು ನೋಡುತ್ತೇವೆ. ಕೋಶಗಳು ಎಷ್ಟು ವೇಗವಾಗಿ ಹೆಚ್ಚುತ್ತಿವೆ ಎಂದು ಹೇಳುವ ನಾಲ್ಕನೆಯದೂ ಒಂದಿದೆ.

ಕಣ್ಣಿಗೆ ಕಾಣದ ಪ್ರೋಟೀನನ್ನು ಹುಡುಕುವುದು ಹೇಗೆ ಅಂದರೆ, ಎಲ್ಲೋ ಒಂದು ಮೊಲಕ್ಕೆ ಅದನ್ನು ಚುಚ್ಚಿದ್ದಾರೆ, ಮೊಲದ ಮೈ ಅದನ್ನು ಪರಕೀಯ ಅಂತ ಗುರುತಿಸಲು ಕಲಿತಿದೆ. ಆ ಗುರುತಿಸುವ ಶಕ್ತಿಯನ್ನು ಸಣ್ಣ ಸೀಸೆಯಲ್ಲಿ ತುಂಬಿ ಕಳಿಸುತ್ತಾರೆ. ಅದನ್ನು ಹಾಳೆಯ ಮೇಲೆ ಹನಿಸಿದರೆ, ಲಕ್ಷಾಂತರ ಬೇರೆ ಪ್ರೋಟೀನುಗಳ ಸಂತೆಯಲ್ಲಿ ಅದೊಂದನ್ನೇ ಹೋಗಿ ಹಿಡಿಯುತ್ತದೆ. ಆ ಜಾಗ ಕಂದುಬಣ್ಣವಾಗುತ್ತದೆ, ಉಳಿದದ್ದೆಲ್ಲ ನೀಲಿ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ, ಈಗಲೂ ಬಣ್ಣ ಮೂಡುವಾಗ ಪಕ್ಕದವರು ಮಾತಾಡಿಸಿದರೆ ಸಿಟ್ಟು ಬರುತ್ತದೆ. ಮೊಲಕ್ಕೆ ಗೊತ್ತಿಲ್ಲ, ಚೂರು ಕೊಟ್ಟ ಹೆಂಗಸಿಗೆ ಗೊತ್ತಿಲ್ಲ, ಇಬ್ಬರ ನಡುವೆ ಇಂಥದೊಂದು ಮಾತು ನಡೆಯುತ್ತದೆ.

ಆಪರೇಷನ್ನಿನ ದಿನ ಗೊತ್ತಾದ ಕೂಡಲೇ ತಿಳಿಸು. ಇಲ್ಲಿಗೆ ಬರುವ ಡಬ್ಬಿಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ದಿನ ಗೊತ್ತಿದ್ದರೆ ನಿನ್ನದನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಾರೆ ಮಾಡುತ್ತೇನೆ.

ಚೀಟಿ

*

ಫೆಬ್ರವರಿ 6

ಚೀಟಿ,

ಬೈಯಬೇಡ. ಆಪರೇಷನ್ ಕಳೆದ ಶುಕ್ರವಾರವೇ ಮುಗಿಯಿತು. ದಿನ ಕೊಟ್ಟಿಲ್ಲ ಅಂತ ಮೊದಲ ಕಾಗದದಲ್ಲಿ ಬರೆದಾಗಲೇ ನನಗೆ ದಿನ ಗೊತ್ತಿತ್ತು. ನಿನ್ನ ಅಣ್ಣನಿಂದಲೂ ಆಣೆ ಹಾಕಿಸಿಕೊಂಡಿದ್ದೆ. ಮನೆಯವರ ಚೂರು ಮುಂದಿಟ್ಟುಕೊಂಡು ಯಾರ ಕೈ ತಾನೇ ನೆಟ್ಟಗೆ ಕೊಯ್ಯುತ್ತದೆ? ನನ್ನದು ಹತ್ತರಲ್ಲಿ ಒಂದು ನಂಬರಾಗಿ ನಿನ್ನ ಕೈ ದಾಟಿ ಹೋಗಲಿ, ನೀನು ನಿರಾಳವಾಗಿ ಕೆಲಸ ಮಾಡು ಅಂತ ನನ್ನ ಲೆಕ್ಕಾಚಾರ.

ಗಡ್ಡೆ ತೆಗೆದರು, ಕಂಕುಳಿನಿಂದ ಮೂರು ಸಣ್ಣ ಗಂಟೂ ತೆಗೆದರು. ಕೈ ತಲೆಯವರೆಗೆ ಏಳುವುದಿಲ್ಲ. ನಿನ್ನ ಅಣ್ಣ ನನ್ನ ಜಡೆ ಹಾಕಿದರು. ಅವರು ಹಾಕಿದ ಜಡೆ ನೋಡಿ ನರ್ಸಮ್ಮ, ‘ಇದು ಆಪರೇಷನ್ನಿಗಿಂತ ಮೊದ್ಲೇ ಆದ ಗಾಯಾನಾ?’ ಅಂತ ಕೇಳಿದಳು.

ಆಸ್ಪತ್ರೆಯ ಕಿಟಕಿಯಿಂದ ಒಂದು ವ್ಯಾನು ಹೊರಟಿದ್ದು ಕಂಡೆ. ನಿಮ್ಮ ಕಡೆಗೆ ಡಬ್ಬಿ ಒಯ್ಯುವ ವ್ಯಾನು ಅದೇ ಅಂದರು. ನನ್ನದೇ ಒಂದು ತುಣುಕು ನನಗಿಂತ ಮೊದಲು ನಿನ್ನನ್ನು ನೋಡಲು ಹೊರಟಿತಲ್ಲ ಅನ್ನಿಸಿ ನಗು ಬಂತು, ಹೊಲಿಗೆ ಎಳೆಯಿತು.

ಅತ್ತಿಗೆ

*

ಫೆಬ್ರವರಿ 14

ಅತ್ತಿಗೆ,

ನೀನು ಹೇಳಬೇಕಿತ್ತು. ಇದಕ್ಕಿಂತ ಹೆಚ್ಚು ಬರೆದರೆ ಬಿರುಸಾಗುತ್ತದೆ.

ನಿನ್ನ ಕಾಗದ ಬಂದ ಮೇಲೆ ರಿಜಿಸ್ಟರ್ ತೆಗೆದು ನಂಬರು ಹುಡುಕಿದೆ. ಡಬ್ಬಿ ಆ ಶುಕ್ರವಾರ ಸಂಜೆ ಬಂದಿದೆ. ಶನಿವಾರದಿಂದ ಸೋಮವಾರದವರೆಗೆ ಇಲ್ಲಿ ರಜೆ. ಮಂಗಳವಾರ ಕೆಲಸ ಶುರುವಾಗಿದೆ. ಹಾಳೆ ಕೊಯ್ದದ್ದು ನಾನಲ್ಲ, ನನ್ನ ಜೊತೆಯವಳು. ಚೆನ್ನಾಗಿ ಕೊಯ್ದಿದ್ದಾಳೆ.

ರಿಪೋರ್ಟು ನಿನ್ನ ಸರ್ಜನ್ನಿಗೆ ತಲುಪಿದೆ, ಈ ಕಾಗದಕ್ಕಿಂತ ಮೊದಲೇ ಅವರು ಹೇಳಿರುತ್ತಾರೆ. ಕಂಕುಳಿನ ಗಂಟುಗಳಲ್ಲಿ ಏನೂ ಇಲ್ಲ, ಅದು ಒಳ್ಳೆಯ ಸುದ್ದಿ. ಮೂರು ಪ್ರೋಟೀನುಗಳಲ್ಲಿ ಒಂದೂ ಇಲ್ಲ. ಹಾಗಾಗಿ ಮಾತ್ರೆಯ ದಾರಿ ಮುಚ್ಚಿದೆ. ಆರು ಸುತ್ತು ಕೀಮೋ ಬೇಕಾಗುತ್ತದೆ, ಆಮೇಲೂ ಮೊದಲ ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಗುಣವಾಗುವವರು ಬೇಕಾದಷ್ಟು ಜನ ಇದ್ದಾರೆ, ನಾನೇ ನೋಡಿದ್ದೇನೆ.

ಪ್ರತಿ ಪಟ್ಟಿಯ ತುದಿಯಲ್ಲೂ, ಪ್ರೋಟೀನು ಇದ್ದೇ ಇದೆ ಎಂದು ಗೊತ್ತಿರುವ ಬೇರೊಬ್ಬರ ಚೂರನ್ನು ಸಾಕ್ಷಿಗೆ ಇಟ್ಟಿರುತ್ತೇವೆ. ನಿನ್ನ ಪಟ್ಟಿಯಲ್ಲಿ ಆ ಸಾಕ್ಷಿ ಚೆನ್ನಾಗಿ ಕಂದಾಗಿದೆ. ಪರೀಕ್ಷೆ ಸರಿಯಾಗಿಯೇ ನಡೆದಿದೆ.

ಸ್ವಲ್ಪ ಸ್ವಲ್ಪವೇ ತಿನ್ನು, ಖಾಲಿ ಹೊಟ್ಟೆಯಲ್ಲಿ ಇರಬೇಡ.

ಚೀಟಿ

*

ಮಾರ್ಚ್ 9

ಚೀಟಿ,

ಮೊದಲ ಸುತ್ತು ಆಗಿ ಹನ್ನೊಂದು ದಿನ. ಬಾಯಿಗೆ ಏನಿಟ್ಟರೂ ಕಬ್ಬಿಣ ನೆಕ್ಕಿದ ಹಾಗೆ. ಕೂದಲು ನಿನ್ನೆ ದಿಂಬಿನ ಮೇಲೆ ಉಳಿಯಿತು, ನಾನು ಎದ್ದೆ. ನಿನ್ನ ಅಣ್ಣ ‘ನನಗೂ ಬೋಳು, ನಿನಗೂ ಬೋಳು, ಬಾಚಣಿಗೆ ಯಾರಿಗಾದರೂ ಕೊಟ್ಟುಬಿಡೋಣ’ ಅಂದರು. ಹಾಗೆ ಅಂದವರೇ ಬಚ್ಚಲಿಗೆ ಹೋಗಿ ಇಪ್ಪತ್ತು ನಿಮಿಷ ನಲ್ಲಿ ಬಿಟ್ಟುಕೊಂಡರು. ನನಗೆ ಕೇಳಿಸಬಾರದು ಅಂತ.

ಇನ್ನು ಐದು ಸುತ್ತು ಹೇಗೆ ತಡೆಯಲಿ ಗೊತ್ತಿಲ್ಲ. ತಡೆದ ಮೇಲೂ ಕಾಯುತ್ತಾ ಕೂರುವುದು ಇನ್ನೂ ಕಷ್ಟ.

ಮಲಗಿದ್ದಾಗ ನಿನ್ನ ಕಾಗದಗಳನ್ನು ಮತ್ತೆ ಮತ್ತೆ ಓದುತ್ತೇನೆ. ನಿನ್ನ ಕೆಲಸವೂ ನನ್ನ ಕೆಲಸವೂ ಒಂದೇ ಕಣೇ. ಇಬ್ಬರೂ ಬಣ್ಣ ಹಿಡಿಯಿತೋ ಇಲ್ಲವೋ ಅಂತ ನೋಡುವವರು. ಅದಕ್ಕೇ ಒಂದು ಮಾತು ತಲೆ ತಿನ್ನುತ್ತಿದೆ. ಪೆದ್ದು ಪ್ರಶ್ನೆಯಾದರೆ ನಕ್ಕು ಬಿಡು.

ನಾವೂ ಬಣ್ಣದ ಪ್ರತಿ ಬಾನಿಗೆ ಗೊತ್ತಿರುವ ಒಂದು ಲಡಿ ಸಾಕ್ಷಿಗೆ ಇಳಿಬಿಡುತ್ತೇವೆ. ಅದು ಬಣ್ಣ ಹಿಡಿದರೆ ಬಾನಿ ಸರಿಯಿದೆ ಅಂತ. ಆದರೆ ಅದು ಬಾನಿಯ ಸಾಕ್ಷಿ, ಗಿರಾಕಿಯ ನೂಲಿನ ಸಾಕ್ಷಿಯಲ್ಲ. ನಾನು ಸೇರಿದ ಹೊಸತರಲ್ಲಿ ಒಂದು ಗಂಟು ನೂಲು ಬಣ್ಣವನ್ನೇ ಹಿಡಿಯಲಿಲ್ಲ. ‘ಈ ನೂಲಿನ ಗುಣವೇ ಹೀಗೆ’ ಅಂದೆ. ನಮ್ಮ ಮೇಸ್ತ್ರಿ ಲಡಿಯ ಕಟ್ಟುದಾರ ಬಿಚ್ಚಿದರು. ಲಡಿ ಸಿಕ್ಕಾಗದಿರಲಿ ಅಂತ ನೂಲುವವರು ಕಟ್ಟಿರುತ್ತಾರಲ್ಲ, ಸಾದಾ ಹತ್ತಿಯ ದಾರ, ಎಂಥ ಬಣ್ಣವನ್ನಾದರೂ ಹಿಡಿಯಲೇಬೇಕು. ಅದೂ ಬೆಳ್ಳಗಿತ್ತು. ‘ದಾರಾನೂ ಹಿಡ್ದಿಲ್ಲ ಅಂದ್ರೆ ನೂಲಿನ ತಪ್ಪಲ್ಲ ಕಣಮ್ಮ. ಗಂಟು ನಮ್ಮ ಕೈಗೆ ಬರೋ ಮೊದ್ಲೇ ಯಾರೋ ಸರಿಯಾಗಿ ಒಗ್ದಿಲ್ಲ’ ಅಂದರು. ಮತ್ತೆ ಒಗೆದು ಹಾಕಿದೆವು. ಎಷ್ಟು ಚೆಂದದ ಕೆಂಪು ಬಂತು ಅಂದರೆ, ಅದು ಮೊದಲು ಬಿಳಿಯಿತ್ತು ಅಂದರೆ ನಂಬುತ್ತಿರಲಿಲ್ಲ.

ನಿಮ್ಮ ತುದಿಯ ಸಾಕ್ಷಿ ಬೇರೊಬ್ಬರ ಚೂರು. ಅದು ಬಾನಿಯ ಮಾತು ಹೇಳುತ್ತದೆ. ನನ್ನ ಚೂರಿನೊಳಗೇ, ಬಣ್ಣ ಹಿಡಿಯಲೇಬೇಕಾದ್ದು, ನನ್ನ ಜೊತೆಗೇ ಅಲ್ಲಿಗೆ ಬಂದದ್ದು, ಕಟ್ಟುದಾರದಂಥದ್ದು ಏನಾದರೂ ಇದೆಯಾ?

ಅತ್ತಿಗೆ

*

ಮಾರ್ಚ್ 17

ಅತ್ತಿಗೆ,

ಇದೆ.

ಗಡ್ಡೆಯ ಸುತ್ತ ಕೆಡದೆ ಉಳಿದ ಹಾಲಿನ ನಾಳಗಳಿರುತ್ತವೆ. ಆರೋಗ್ಯವಾಗಿರುವ ಪ್ರತಿ ಹೆಂಗಸಿನ ನಾಳದಲ್ಲೂ ಆ ಮೊದಲ ಪ್ರೋಟೀನು ಕೆಲವು ಕೋಶಗಳಲ್ಲಾದರೂ ಇದ್ದೇ ಇರುತ್ತದೆ. ಅದು ನಮಗೆಲ್ಲ ಗೊತ್ತಿರುವ ಪಾಠ, ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಅನ್ನುತ್ತಾರಲ್ಲ, ಅದು ನಾವು.

ನಿನ್ನ ಕಾಗದ ಮಡಚಿ ಜೇಬಿಗಿಟ್ಟುಕೊಂಡು ದಾಸ್ತಾನು ಕೋಣೆಗೆ ಹೋದೆ. ನಿನ್ನ ಪಟ್ಟಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚೂರನ್ನು ಗಡ್ಡೆಯ ನಟ್ಟನಡುವಿನಿಂದ ತೆಗೆದಿದ್ದರು, ಹಾಗಾಗಿ ಎಲ್ಲ ಕಡೆ ಗಡ್ಡೆಯೇ. ಒಂದು ಮೂಲೆಯಲ್ಲಿ ಒಂದೇ ಒಂದು ನಾಳ ಸಿಕ್ಕಿತು. ದುಂಡಗೆ, ಶಿಸ್ತಾಗಿ, ಎರಡು ಸಾಲು ಕೋಶಗಳು. ಎಲ್ಲವೂ ಬರೀ ನೀಲಿ. ಒಂದು ಕೋಶದಲ್ಲೂ ಕಂದಿಲ್ಲ.

ನಿನ್ನ ಮೈಯಲ್ಲಿ ಐವತ್ತೊಂದು ವರ್ಷ ಇದ್ದ, ಇರಲೇಬೇಕಾದ ಪ್ರೋಟೀನು ಅಲ್ಲಿಂದ ಮಾಯವಾಗಿದೆ.

ಪಟ್ಟಿಯನ್ನು ನಮ್ಮ ದೊಡ್ಡ ಡಾಕ್ಟರಮ್ಮನ ಮೇಜಿಗೆ ಒಯ್ದೆ. ಅವರು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ‘ಇದು "ಇಲ್ಲ" ಅಲ್ಲ. ಇದು "ಗೊತ್ತಿಲ್ಲ". ನಾವು ಗೊತ್ತಿಲ್ಲ ಅನ್ನೋದನ್ನ ಇಲ್ಲ ಅಂತ ಬರೆದು ಸಹಿ ಹಾಕಿದ್ದೀವಿ’ ಅಂದರು. ಸಹಿ ಅವರದೇ. ‘ಯಾರು ಕೇಳಿದ್ದು ಇದನ್ನ?’ ಅಂದರು. ನಿನ್ನ ಕಾಗದ ಕೊಟ್ಟೆ. ಪೂರ್ತಿ ಓದಿದರು. ಕಟ್ಟುದಾರದ ಭಾಗವನ್ನು ಇನ್ನೊಂದು ಸಲ, ತುಟಿ ಅಲ್ಲಾಡಿಸುತ್ತಾ.

ಚೂರು ಎಲ್ಲೋ ಬಹಳ ಹೊತ್ತು ಹಾಗೇ ಕಾದಿದೆ. ಫಾರ್ಮಲಿನ್ ಒಳಗೆ ಇಳಿಯುವ ಮೊದಲು ಪ್ರೋಟೀನು ಕರಗಿದೆ. ಕಳೆದುಹೋದದ್ದನ್ನು ವಾಪಸ್ ತರಲು ಬರುವುದಿಲ್ಲ, ನಿಮ್ಮ ನೂಲಿನ ಹಾಗೆ ಮತ್ತೆ ಒಗೆಯಲು ಆಗುವುದಿಲ್ಲ. ಆದರೆ ಮೊದಲು ಸೂಜಿಯಲ್ಲಿ ತೆಗೆದ ಆ ಮೂರು ಚೂರು ಇವೆಯಲ್ಲ, ಸೀಸದಷ್ಟು ಸಣ್ಣವು, ಅವುಗಳೊಳಗೆ ಫಾರ್ಮಲಿನ್ ಕೂಡಲೇ ಇಳಿದಿರುತ್ತದೆ. ಅವುಗಳ ಮೇಣದ ಅಚ್ಚು ನಿಮ್ಮ ಆಸ್ಪತ್ರೆಯಲ್ಲೇ ಇರುತ್ತದೆ. ಡಾಕ್ಟರಮ್ಮ ಫೋನ್ ಮಾಡಿದ್ದಾರೆ. ಅಣ್ಣನಿಗೆ ಹೇಳಿ ಬೇಗ ಕಳಿಸು.

ಚೀಟಿ

*

ಮಾರ್ಚ್ 25

ಚೀಟಿ,

ಅಚ್ಚು ಕಳಿಸಿದ್ದೇವೆ. ನಿನ್ನ ಅಣ್ಣ ಅದನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಕೊರಿಯರ್ ಆಫೀಸಿಗೆ ನಡೆದೇ ಹೋದರು. ಬಸ್ಸು ಕುಲುಕುತ್ತದಂತೆ. ಒಂದು ಬಿಳಿ ಮೇಣದ ತುಂಡು, ಅದರಲ್ಲಿ ಮೂರು ಗೆರೆ. ನೋಡಿದರೆ ಸೋಪಿನ ಚೂರು. ನನ್ನ ಮುಂದಿನ ವರ್ಷಗಳೆಲ್ಲ ಅದರೊಳಗೆ ಕೂತಿವೆ ಅಂದರೆ ಯಾರು ನಂಬುತ್ತಾರೆ. ಕೊರಿಯರಿನವನು ‘ಒಡೆಯೋ ವಸ್ತುವಾ?’ ಅಂತ ಕೇಳಿದ್ದಕ್ಕೆ ಇವರು ‘ಗೊತ್ತಿಲ್ಲಪ್ಪ’ ಅಂದರಂತೆ.

ಎರಡನೇ ಸುತ್ತು ಆಯಿತು. ಬಾಯೆಲ್ಲ ಹುಣ್ಣು, ಹೆಚ್ಚು ಬರೆಯಲಾರೆ.

ಒಂದು ಕೆಲಸ ಮಾಡಿದ್ದೇನೆ. ‘ಚೂರು ಎಲ್ಲೋ ಕಾದಿದೆ’ ಅಂತ ಬರೆದಿದ್ದೆಯಲ್ಲ. ಎಲ್ಲಿ ಅಂತ ಸರ್ಜನ್ನನ್ನು ಕೇಳಿದೆ. ಆಪರೇಷನ್ ಕೋಣೆಯಿಂದ ಹತ್ತೇ ನಿಮಿಷದಲ್ಲಿ ಡಬ್ಬಿಗೆ ಹಾಕಿದ್ದಾರೆ, ಬರೆದಿಟ್ಟಿದ್ದು ತೋರಿಸಿದರು. ಹಾಗಾದರೆ ಉಳಿದವನು ವ್ಯಾನಿನ ಡ್ರೈವರು. ದಾರಿಯಲ್ಲಿ ಚಹಾ ಕುಡಿಯುತ್ತಾ, ಎಲ್ಲೋ ಬಿಸಿಲಿಗೆ ನಿಲ್ಲಿಸಿ ಹರಟೆ ಹೊಡೆದಿರಬೇಕು. ಆಸ್ಪತ್ರೆಯ ಮೇಲ್ವಿಚಾರಕರಿಗೆ ದೂರು ಬರೆದುಕೊಟ್ಟಿದ್ದೇನೆ. ವಿಚಾರಣೆ ಮುಗಿಯುವವರೆಗೆ ಅವನನ್ನು ಕೆಲಸಕ್ಕೆ ಬರಬೇಡ ಅಂದಿದ್ದಾರಂತೆ. ಇನ್ನೊಬ್ಬ ಹೆಂಗಸಿಗೆ ಹೀಗಾಗಬಾರದು ನೋಡು.

ಅತ್ತಿಗೆ

*

ಏಪ್ರಿಲ್ 2

ಅತ್ತಿಗೆ,

ಮೊದಲು ನಿನ್ನ ಸುದ್ದಿ. ಡಾಕ್ಟರಮ್ಮ ನಿನ್ನೆಯೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿದ್ದಾರೆ, ನೀನು ಕೇಳಿರುತ್ತೀಯ. ಆದರೂ ನಾನು ಕಂಡ ಹಾಗೆ ಹೇಳುತ್ತೇನೆ.

ಈ ಸಲ ಹಾಳೆ ಕೊಯ್ದವಳು ನಾನು. ನೆಟ್ಟಗೆ ಕೊಯ್ಯಲಾಗದು ಅಂದಿದ್ದೆ ನೀನು. ನೆಟ್ಟಗೇ ಕೊಯ್ದೆ. ನೀರಿನ ಮೇಲೆ ಮೂರು ಗೆರೆ ತೇಲಿದವು. ಕೊನೆಯ ಹನಿ ಹಾಕಿದ ಮೇಲೆ ಬಣ್ಣ ಮೂಡಲು ಕೆಲವು ನಿಮಿಷ ಬೇಕು. ನಾನು ಗಡಿಯಾರ ನೋಡಲಿಲ್ಲ. ಬರಿಗಣ್ಣಿಗೇ ಗೆರೆಗಳು ಕಂದಾಗುತ್ತಿರುವುದು ಕಂಡಿತು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಅತ್ತಿಗೆ, ಕೋಶ ಕೋಶದ ನಟ್ಟನಡುವೆ ಒಂದು ಕಂದು ಬೊಟ್ಟು. ನೂರರಲ್ಲಿ ತೊಂಬತ್ತು. ಸಾಲು ಸಾಲಾಗಿ, ಕಣ್ಣು ಹಾಯಿಸಿದಷ್ಟೂ. ಪಕ್ಕದ ಆರೋಗ್ಯದ ನಾಳದಲ್ಲೂ ಅಲ್ಲೊಂದು ಇಲ್ಲೊಂದು, ಇರಬೇಕಾದ ಹಾಗೇ. ಅಲ್ಲಿ ಇಷ್ಟು ದಿನ ಇದ್ದೇ ಇತ್ತು. ನಾವು ಇಲ್ಲ ಅನ್ನುತ್ತಿದ್ದಾಗಲೂ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ನೋಡಿದ್ದೇನೆ, ಕೈ ಮುಗಿಯಬೇಕು ಅನ್ನಿಸಿದ್ದು ಇದೊಂದಕ್ಕೇ. ಎರಡನೆಯ ಪ್ರೋಟೀನೂ ಇದೆ. ಮೂರನೆಯದು ಇಲ್ಲ, ಅದು ಗಡ್ಡೆಯನ್ನು ಬೇಗ ಬೆಳೆಸುವಂಥದ್ದು, ಇಲ್ಲದಿರುವುದೇ ಒಳ್ಳೆಯದು. ಹೆಚ್ಚುವ ವೇಗ ಕಡಿಮೆ. ಡಾಕ್ಟರಮ್ಮ ನೋಡಿ, ‘ಮಾತ್ರೆ ಕೆಲಸ ಮಾಡತ್ತೆ’ ಅಂದರು. ಅಷ್ಟೇ ಅಂದರು.

ಈಗ ಇನ್ನೊಂದು. ಡ್ರೈವರಿನ ಮೇಲಿನ ದೂರು ವಾಪಸ್ ತೆಗೆದುಕೋ. ಅವನು ಡಬ್ಬಿಯನ್ನು ಸಂಜೆ ನಾಲ್ಕೂ ಇಪ್ಪತ್ತಕ್ಕೆ ತಲುಪಿಸಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸಮಯ ನನಗೆ ಹೇಗೆ ಗೊತ್ತು ಅಂದರೆ, ರಿಜಿಸ್ಟರಿನಲ್ಲಿ ಡಬ್ಬಿ ತೆಗೆದುಕೊಂಡ ಸಹಿ ನನ್ನದು.

ನಮ್ಮಲ್ಲಿ ಒಂದು ನಿಯಮವಿದೆ. ದೊಡ್ಡ ಚೂರು ಬಂದರೆ, ತೆಗೆದುಕೊಂಡವರೇ ಅಂದೇ ಅದನ್ನು ಕೊಯ್ದು ಹೋಳು ಬಿಡಿಸಿ ಫಾರ್ಮಲಿನ್ನಿನಲ್ಲಿಡಬೇಕು. ಇಡಿಯಾಗಿ ಬಿಟ್ಟರೆ ದ್ರವ ಹೊರಗಷ್ಟೇ ಇಳಿಯುತ್ತದೆ, ನಡುವಿನ ಭಾಗ ಕೆಡುತ್ತದೆ. ಹತ್ತು ನಿಮಿಷದ ಕೆಲಸ. ಆ ದಿನ ಮೂರು ದಿನದ ರಜೆ ಮುಂದಿತ್ತು, ಮನಸ್ಸು ಆಗಲೇ ಮನೆ ಸೇರಿತ್ತು, ನಾಲ್ಕೂವರೆಯ ಬಸ್ಸು ತಪ್ಪಿದರೆ ಇನ್ನೊಂದು ಗಂಟೆ. ಸಹಿ ಮಾಡಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಚೀಟಿ ನೇರವಾಗಿದೆಯಾ ಎಂದು ನೋಡಿ ಹೊರಟೆ. ಚೀಟಿ ನೇರವಾಗಿತ್ತು.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದು ರಿಜಿಸ್ಟರ್ ತೆರೆದಾಗಲೇ ಸಹಿ ಕಂಡಿತ್ತು. ತುದಿಯ ಸಾಕ್ಷಿ ಕಂದಾಗಿದೆ, ಏನೂ ಆಗಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿನಗೂ ಅದನ್ನೇ ಬರೆದೆ. ಎರಡು ಸುತ್ತು ಕೀಮೋ, ನಿನ್ನ ಕೂದಲು, ಬಾಯಿಯ ಹುಣ್ಣು, ಎಲ್ಲ ಒಂದು ಬಸ್ಸಿಗೋಸ್ಕರ. ಡಬ್ಬಿಯ ಮೇಲೆ ನಿನ್ನ ಹೆಸರಿದ್ದಿದ್ದರೆ ಕೊಯ್ದೇ ಹೋಗುತ್ತಿದ್ದೆ. ನಂಬರಿತ್ತು, ಅದಕ್ಕೆ ಬಿಟ್ಟೆ. ನನಗೆ ನಾಚಿಕೆಯಾಗುವುದು ಅದಕ್ಕೆ.

ಡಾಕ್ಟರಮ್ಮನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ.

ಚೀಟಿ

*

ಏಪ್ರಿಲ್ 9

ಚೀಟಿ,

ಕಾಗದ ಓದಿ ಎರಡು ದಿನ ನಿನ್ನ ಹೆಸರೆತ್ತಲಿಲ್ಲ. ನಿನ್ನ ಅಣ್ಣ ‘ಚೀಟಿ ಏನು ಬರೆದಿದ್ದಾಳೆ?’ ಅಂತ ಕೇಳಿದಾಗ ‘ಸೆಕೆಯಂತೆ’ ಅಂದೆ. ಅವರಿಗೆ ಹೇಳುವುದಿಲ್ಲ. ಅವರು ಕೇಳಿದ ಕ್ಷಣವೇ ಕ್ಷಮಿಸಿಬಿಡುತ್ತಾರೆ, ಅಷ್ಟು ಸಸ್ತಾದಲ್ಲಿ ನೀನು ಪಾರಾಗುವುದು ನನಗೆ ಇಷ್ಟವಿಲ್ಲ.

ನನಗೆ ಕೋಪ ಬಂದಿದೆ. ಕೂದಲಿಗಲ್ಲ, ಅದು ಬೆಳೆಯುತ್ತದೆ. ಎರಡು ತಿಂಗಳು ನಾನು ಸಾಯುವವಳ ಹಾಗೆ ಬೀರು ಅಚ್ಚುಕಟ್ಟು ಮಾಡಿದೆ. ಯಾರಿಗೆ ಯಾವ ಸೀರೆ ಅಂತ ಎತ್ತಿಟ್ಟೆ. ನಿನಗೂ ಎರಡು ಎತ್ತಿಟ್ಟಿದ್ದೆ, ಅವನ್ನು ವಾಪಸ್ ಇಟ್ಟುಕೊಂಡಿದ್ದೇನೆ. ದಿನ ಮುಚ್ಚಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಅದರಿಂದ ನಿನ್ನದೇನೂ ಕಡಿಮೆಯಾಗುವುದಿಲ್ಲ.

ಕೀಮೋ ನಿಲ್ಲಿಸಿದ್ದಾರೆ. ಮಾತ್ರೆ ಮೊನ್ನೆಯಿಂದ ಶುರು. ಅಂಗೈ ಮೇಲಿಟ್ಟುಕೊಂಡು ಸುಮಾರು ಹೊತ್ತು ನೋಡಿದೆ. ಇಷ್ಟೇ ಇಷ್ಟು ಬಿಳಿ ಮಾತ್ರೆ, ನನ್ನೊಳಗೆ ಯಾವ ಕೋಶದಲ್ಲಿ ಯಾವ ಜಾಗಕ್ಕೆ ಹೋಗಿ ಕೂರಬೇಕು ಅಂತ ಅದಕ್ಕೆ ಗೊತ್ತು. ನನಗೆ ನನ್ನ ಬಗ್ಗೆ ಅಷ್ಟು ಗೊತ್ತಿಲ್ಲ.

ಡ್ರೈವರಿನ ಮನೆಗೆ ನಾನೇ ಹೋಗಿ ಬಂದೆ. ಆಪರೇಷನ್ನಾದ ಮೇಲೆ ಅಷ್ಟು ಮೆಟ್ಟಿಲು ಹತ್ತಿದ್ದು ಅದೇ ಮೊದಲು. ತಪ್ಪಾಯಿತು ಅಂದೆ. ಅವನ ಹೆಂಡತಿ ಕುರ್ಚಿ ಕೊಡಲಿಲ್ಲ, ನಿಂತೇ ಮಾತಾಡಿ ಬಂದೆ. ನಾಳೆಯಿಂದ ಅವನು ಕೆಲಸಕ್ಕೆ ಹೋಗುತ್ತಾನೆ. ತಪ್ಪಾಯಿತು ಅನ್ನುವುದು ಹೇಗೆ ಅಂತ ನಿನಗೆ ಗೊತ್ತಾಗಲಿ ಅಂತ ಇದನ್ನು ಬರೆದೆ.

ಈಗ ನೇರವಾಗಿ ಕೇಳುತ್ತೇನೆ. ನಿನ್ನ ಆ ಉದ್ದದ ಕಾಗದದಲ್ಲಿ ಬಸ್ಸಿನ ಸಮಯವೂ ಇದೆ, ಚೀಟಿ ನೇರವಾಗಿದ್ದದ್ದೂ ಇದೆ. ಒಂದು ಇಲ್ಲ. ಆ ಸಂಜೆ ಎಷ್ಟು ಡಬ್ಬಿ ಬಂದಿದ್ದವು?

ಅತ್ತಿಗೆ

*

ಏಪ್ರಿಲ್ 22

ಅತ್ತಿಗೆ,

ನಾಲ್ಕು.

ನಿನ್ನ ಕಾಗದ ಓದುತ್ತಿದ್ದ ಹಾಗೇ ಗೊತ್ತಾಯಿತು, ನನಗೆ ಇದು ಹೊಳೆಯದೆ ಇದ್ದದ್ದಲ್ಲ, ಹೊಳೆಯಲು ನಾನು ಬಿಟ್ಟಿರಲಿಲ್ಲ. ಒಂದು ನಿನ್ನದು. ಎರಡು ಡಬ್ಬಿ ಹೊಟ್ಟೆಯ ಆಪರೇಷನ್ನಿನವು, ಅವಕ್ಕೆ ಈ ಪರೀಕ್ಷೆ ಬೇಕಿರಲಿಲ್ಲ. ನಾಲ್ಕನೆಯದು ಇನ್ನೊಬ್ಬಳ ಎದೆಯ ಗಡ್ಡೆ, ಬೇರೆ ಆಸ್ಪತ್ರೆಯದು. ವಯಸ್ಸು ಮೂವತ್ತೆಂಟು. ಅವಳಿಗೂ ಮೂರೂ ಇಲ್ಲ ಅಂತ ರಿಪೋರ್ಟು ಹೋಗಿತ್ತು. ಅವಳಿಗೆ ಲ್ಯಾಬಿನಲ್ಲಿ ನಾದಿನಿ ಇರಲಿಲ್ಲ.

ರಿಜಿಸ್ಟರನ್ನು ತೆಗೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದಿಟ್ಟೆ, ಎಲ್ಲ ಹೇಳಿದೆ. ಅವರು ಜೋರು ಮಾಡಲಿಲ್ಲ. ‘ನಾನು ಮಾರ್ಚಿನಲ್ಲೇ ಈ ಪುಟ ನೋಡ್ಬೇಕಿತ್ತು. ನೀನು ಹೇಳ್ಬೇಕಿತ್ತು, ನಾನು ಕೇಳ್ಬೇಕಿತ್ತು’ ಅಂದರು. ಇಬ್ಬರೂ ಲೋಪದ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆವು. ನನ್ನನ್ನು ಡಬ್ಬಿ ತೆಗೆದುಕೊಳ್ಳುವ ಕೆಲಸದಿಂದ ತೆಗೆದಿದ್ದಾರೆ. ಇನ್ನು ಮುಂದೆ ಎಷ್ಟು ದಿನ ಅಂತ ಹೇಳಿಲ್ಲ, ನಾನು ಕೇಳಲೂ ಇಲ್ಲ. ಅವಳ ಪಟ್ಟಿಯಲ್ಲೂ ಮೂಲೆಯ ನಾಳ ಬರೀ ನೀಲಿಯಿತ್ತು. ಅವಳ ಆಸ್ಪತ್ರೆಯಿಂದ ಸೂಜಿಯ ಅಚ್ಚು ತರಿಸಿದೆವು. ನಿನ್ನೆ ಬೆಳಿಗ್ಗೆ ಬಣ್ಣ ಹಾಕಿದೆ. ನಿನ್ನದರಷ್ಟು ದಟ್ಟವಲ್ಲ, ಆದರೆ ಕಂದು. ನೂರರಲ್ಲಿ ಎಪ್ಪತ್ತು.

ಡಾಕ್ಟರಮ್ಮ ಕೂಡಲೇ ಅಲ್ಲಿಗೆ ಫೋನ್ ಮಾಡಿದರು. ಅಲ್ಲಿನ ಡಾಕ್ಟರು, ‘ಆಕೆ ಇಲ್ಲೇ ಇದಾರೆ, ನಾಲ್ಕನೇ ಸುತ್ತಿಗೆ ಕೂತಿದಾರೆ, ಈಗಷ್ಟೇ ಸೂಜಿ ಹಾಕಿದ್ದು’ ಅಂದರು. ನಿಲ್ಲಿಸಿ ಅಂದರು ಇವರು. ಆಮೇಲೆ ಆಕೆಗೇ ಫೋನ್ ಕೊಡಿ ಅಂದು, ಇಲ್ಲಿನ ಫೋನನ್ನು ನನ್ನ ಕೈಗೆ ಕೊಟ್ಟು, ‘ತಪ್ಪು ನಮ್ಮದು, ಹೇಳೋ ಬಾಯೂ ನಮ್ಮದೇ ಇರ್ಲಿ’ ಅಂದರು.

ಹೇಳಿದೆ. ಆ ಶುಕ್ರವಾರ ಡಬ್ಬಿ ತೆಗೆದುಕೊಂಡವಳು ನಾನು, ಕೊಯ್ಯದೆ ಬಿಟ್ಟವಳು ನಾನು, ನಿಮ್ಮಲ್ಲಿ ಆ ಪ್ರೋಟೀನು ಇದೆ, ಮೊದಲಿನಿಂದಲೂ ಇತ್ತು, ಮಾತ್ರೆ ಕೆಲಸ ಮಾಡುತ್ತದೆ. ಆಕೆಯ ಹಿಂದೆ ಯಾವುದೋ ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು.

‘ಮೂರು ತಿಂಗಳಾಯ್ತಲ್ಲ’ ಅಂದಳು. ‘ಈಗ ಮತ್ತೆ ನೋಡಿ ಅಂತ ಯಾರು ಹೇಳಿದ್ದು?’

‘ನಮ್ಮ ಅತ್ತಿಗೆ’ ಅಂದೆ.

‘ಡಾಕ್ಟರಾ ಅವರು?’

‘ಅಲ್ಲ. ನೂಲಿಗೆ ಬಣ್ಣ ಹಾಕ್ತಾರೆ.’

ಆಕೆ ಅಲ್ಲಿ ಯಾರಿಗೋ ಏನೋ ಹೇಳಿದಳು. ಆಮೇಲೆ, ‘ಒಂದ್ನಿಮಿಷ ಇರಿ, ಫೋನ್ ಇಡ್ಬೇಡಿ. ಸೂಜಿ ತೆಗೀತಿದಾರೆ’ ಅಂದಳು. ನಾನು ಹಿಡಿದುಕೊಂಡು ನಿಂತಿದ್ದೆ.

ನಿನ್ನ ನಾದಿನಿ